ವೈದ್ಯರನ್ನು ಕೇಳಿ: ಆರ್.ಎ. ಪಾಸಿಟಿವ್ ಎಂದರೆ ವಾತ ಬಂದಿದೆ ಎಂದೇ ಅರ್ಥವೆ?

ಕಾಫಿ ಕೊಯ್ಲು ಮುಗಿಯುತ್ತ ಬಂದು, ಕಣದಲ್ಲಿ ಕೊನೆಯ ಕಾಫಿ ಒಣಗುತ್ತಿರುವ ದಿನಗಳಲ್ಲಿ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಬೆರಳು, ಮಣಿಕಟ್ಟು, ಮಂಡಿಗಳ ನೋವಿನ ಮಾತೇ ಹೆಚ್ಚಾಗಿರುತ್ತದೆ. ಈ ಬಾರಿಯ ಪತ್ರಗಳಲ್ಲಿ ಬಹುಪಾಲು ನೋವಿಗಿಂತ ರಕ್ತಪರೀಕ್ಷೆಯ ವರದಿಯನ್ನು ಕುರಿತಾಗಿಯೇ ಇವೆ. ಆರ್.ಎ. ಫ್ಯಾಕ್ಟರ್, ಆಂಟಿ ಸಿ.ಸಿ.ಪಿ., ಎ.ಎನ್.ಎ. ಎಂಬ ಹೆಸರುಗಳು ಈಗ ಲೈನ್‌ಮನೆಯಿಂದ ಐನ್‌ಮನೆಯವರೆಗೆ ಎಲ್ಲರ ಬಾಯಲ್ಲೂ ಇವೆ. ಆದ್ದರಿಂದ ಈ ತಿಂಗಳ ಅಂಕಣವನ್ನು ಪೂರ್ತಿಯಾಗಿ ಇದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ. ಎಂದಿನಂತೆ ಪತ್ರ ಬರೆದವರ ಹೆಸರುಗಳನ್ನು ಕೈಬಿಟ್ಟು, ಪತ್ರಗಳನ್ನು ಸ್ವಲ್ಪ ಸಂಕ್ಷೇಪಿಸಿದ್ದೇನೆ.

ಪ್ರಶ್ನೆ: ಮಾನ್ಯ ವೈದ್ಯರಿಗೆ ನಮಸ್ಕಾರ. ನನಗೆ 42 ವರ್ಷ. ಈ ವರ್ಷ ಆಳುಗಳು ಸಿಗದೆ ಎರಡು ತಿಂಗಳು ನಾನೂ ಕಾಫಿ ಕೊಯ್ದೆ. ಸಂಜೆಯ ಹೊತ್ತಿಗೆ ಬೆರಳ ತುದಿಯ ಗಂಟುಗಳೂ ಹೆಬ್ಬೆರಳಿನ ಬುಡವೂ ನೋಯುತ್ತವೆ. ಊತ ಕಾಣುವುದಿಲ್ಲ. ಬೆಳಿಗ್ಗೆ ಎದ್ದಾಗ ಐದು ಹತ್ತು ನಿಮಿಷ ಬಿಗಿಯಿರುತ್ತದೆ. ರಿಯಾಯಿತಿ ದರದ ಪ್ಯಾಕೇಜಿನಲ್ಲಿ ರಕ್ತ ಕೊಟ್ಟಾಗ ಆರ್.ಎ. ಫ್ಯಾಕ್ಟರ್ 28 ಎಂದು ಬಂದಿದೆ, 20ಕ್ಕಿಂತ ಕಡಿಮೆ ಇರಬೇಕಂತೆ. ನಮ್ಮ ಅತ್ತೆಯವರ ಕೈಬೆರಳುಗಳು ವಾತದಿಂದ ಸೊಟ್ಟಗಾಗಿದ್ದುದನ್ನು ನಾನು ಹತ್ತು ವರ್ಷ ಕಣ್ಣಾರೆ ನೋಡಿದ್ದೇನೆ. ನನಗೂ ಹಾಗೆಯೇ ಆಗುತ್ತದೆಯೆ?
(ಓದುಗರು, ನಾಪೋಕ್ಲು)

ಉತ್ತರ: ನಿಮ್ಮ ಪತ್ರದಲ್ಲಿ ವರದಿಯ 28 ಎಂಬ ಅಂಕಿಗಿಂತ ಹೆಚ್ಚು ಮುಖ್ಯವಾದ ಮೂರು ಸಂಗತಿಗಳನ್ನು ನೀವೇ ಬರೆದಿದ್ದೀರಿ. ನೋವು ಸಂಜೆ ಹೆಚ್ಚಾಗುತ್ತದೆ, ಊತವಿಲ್ಲ, ಬೆಳಗಿನ ಬಿಗಿತ ಹತ್ತು ನಿಮಿಷದಲ್ಲಿ ಬಿಡುತ್ತದೆ. ಆರ್.ಎ. ಎಂದು ಕರೆಯುವ ರುಮಟಾಯ್ಡ್ ಸಂಧಿವಾತ ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧವಾಗಿ ನಡೆದುಕೊಳ್ಳುತ್ತದೆ. ಅದು ಬೆರಳ ತುದಿಯ ಗಂಟುಗಳನ್ನು ಹೆಚ್ಚಾಗಿ ಬಿಟ್ಟು, ಬುಡದ ಗೆಣ್ಣುಗಳನ್ನೂ ನಡುವಿನ ಗಂಟುಗಳನ್ನೂ ಮಣಿಕಟ್ಟನ್ನೂ ಹಿಡಿಯುತ್ತದೆ. ಬೆಳಿಗ್ಗೆ ಒಂದು ಗಂಟೆಯೋ ಅದಕ್ಕೂ ಹೆಚ್ಚೋ ಕೈ ಮುಷ್ಟಿ ಕಟ್ಟಲು ಬಿಡುವುದಿಲ್ಲ, ಕೆಲಸ ಮಾಡುತ್ತ ಹೋದಂತೆ ಸಡಿಲವಾಗುತ್ತದೆ. ನಿಮ್ಮದು ಗಂಟು ಸವೆತದ ಆರಂಭವೋ, ಎರಡು ತಿಂಗಳ ಕೊಯ್ಲಿನಿಂದ ಹೆಬ್ಬೆರಳಿನ ಸ್ನಾಯುರಜ್ಜು ಬಾತುಕೊಂಡಿರುವುದೋ ಆಗಿರುವ ಸಂಭವವೇ ಹೆಚ್ಚು.

ಹಾಗಾದರೆ ಆ ಅಂಕಿ ಎಲ್ಲಿಂದ ಬಂತು ಎಂದು ನೀವು ಕೇಳುವುದು ಸಹಜ. ನಮ್ಮ ದೇಹವು ರೋಗಾಣುಗಳನ್ನು ಹಿಡಿಯಲು ಪ್ರತಿಕಾಯಗಳೆಂಬ ಪ್ರೋಟೀನುಗಳನ್ನು ತಯಾರಿಸುತ್ತದೆ. ಕೆಲವೊಮ್ಮೆ ಅದೇ ವ್ಯವಸ್ಥೆ ತನ್ನದೇ ಅಂಗಾಂಶವನ್ನು ಪರಕೀಯವೆಂದು ಬಗೆದು ಅದರ ಮೇಲೆ ತಿರುಗಿ ಬೀಳುತ್ತದೆ. ಅಂತಹ ಕಾಯಿಲೆಗಳನ್ನೇ ಆಟೊಇಮ್ಯೂನ್ ಕಾಯಿಲೆಗಳೆಂದು ಕರೆಯುತ್ತೇವೆ, ರುಮಟಾಯ್ಡ್ ಸಂಧಿವಾತವೂ ಅವುಗಳಲ್ಲೊಂದು. ಆರ್.ಎ. ಫ್ಯಾಕ್ಟರ್ ಎಂಬುದು ಪ್ರತಿಕಾಯದ ವಿರುದ್ಧವೇ ಹುಟ್ಟಿದ ಇನ್ನೊಂದು ಪ್ರತಿಕಾಯ. ನಾರ್ವೆಯ ಎರಿಕ್ ವಾಲರ್ ಇದನ್ನು ಗುರುತಿಸಿ 1940ರಲ್ಲಿ ಪ್ರಕಟಿಸಿದರು, 1948ರಲ್ಲಿ ಅಮೆರಿಕದ ಹ್ಯಾರಿ ರೋಸ್ ಮತ್ತು ಸಂಗಡಿಗರು ಸ್ವತಂತ್ರವಾಗಿ ಅದನ್ನೇ ಕಂಡರು. ಹೆಸರಿನಲ್ಲಿ ಸಂಧಿವಾತದ ಹೆಸರು ಸೇರಿಕೊಂಡಿದ್ದರಿಂದಲೇ ಈ ಎಲ್ಲ ಗೊಂದಲ ಹುಟ್ಟಿದೆಯೆಂದು ನನಗೆ ಅನಿಸುತ್ತದೆ. ಏಕೆಂದರೆ ಈ ಪ್ರೋಟೀನು ಸಂಧಿವಾತಕ್ಕೆ ಮಾತ್ರ ಸೇರಿದ್ದಲ್ಲ. ಕ್ಷಯ, ಕುಷ್ಠ, ಹೃದಯ ಕವಾಟದ ಸೋಂಕು, ಹೆಪಟೈಟಿಸ್ ಸಿ ಮುಂತಾದ ದೀರ್ಘಕಾಲದ ಸೋಂಕುಗಳಲ್ಲಿಯೂ, ಬಾಯಿ ಮತ್ತು ಕಣ್ಣು ಒಣಗುವ ಶೋಗ್ರೆನ್ಸ್ ಕಾಯಿಲೆಯಲ್ಲಿಯೂ, ಯಾವ ಕಾಯಿಲೆಯೂ ಇಲ್ಲದ ನೂರರಲ್ಲಿ ಸುಮಾರು ಐದು ಜನರಲ್ಲಿಯೂ ಇದು ಕಾಣುತ್ತದೆ. ವಯಸ್ಸಾದಂತೆ ಈ ಪ್ರಮಾಣ ಇನ್ನೂ ಏರುತ್ತದೆ.

ಇದನ್ನು ಲೆಕ್ಕ ಹಾಕಿ ನೋಡೋಣ. ನಮ್ಮ ದೇಶದಲ್ಲಿ ರುಮಟಾಯ್ಡ್ ಸಂಧಿವಾತ ಇರುವವರು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ. ಒಂದು ಶಿಬಿರಕ್ಕೆ ಬಂದ 1,000 ಜನರಲ್ಲಿ 7 ಮಂದಿಗೆ ನಿಜವಾಗಿ ಕಾಯಿಲೆಯಿದೆ ಎಂದುಕೊಳ್ಳಿ. ಅವರಲ್ಲಿ ಸುಮಾರು 5 ಮಂದಿಯ ಆರ್.ಎ. ಫ್ಯಾಕ್ಟರ್ ಪಾಸಿಟಿವ್ ಬರುತ್ತದೆ. ಉಳಿದ 993 ಮಂದಿಯಲ್ಲಿ ನೂರಕ್ಕೆ ಐದರಂತೆ ಸುಮಾರು 50 ಮಂದಿಗೂ ಪಾಸಿಟಿವ್ ಬರುತ್ತದೆ. ಹೀಗೆ 55 ಮಂದಿ ಹೆದರಿದ ಮುಖ ಹೊತ್ತು ವೈದ್ಯರ ಬಳಿ ಬರುತ್ತಾರೆ, ಅವರಲ್ಲಿ 50 ಮಂದಿಗೆ ಕಾಯಿಲೆಯೇ ಇರುವುದಿಲ್ಲ. ಪರೀಕ್ಷೆಯಲ್ಲಿ ದೋಷವಿಲ್ಲ, ಅದನ್ನು ಲಕ್ಷಣಗಳನ್ನು ನೋಡದೆ ಎಲ್ಲರಿಗೂ ಮಾಡಿದ್ದೇ ತಪ್ಪು. ಗೆಣ್ಣು ಊದಿಕೊಂಡು ಬಂದವರಿಗಷ್ಟೇ ಇದೇ ಪರೀಕ್ಷೆಯನ್ನು ಮಾಡಿಸಿದರೆ ಅದರ ಬೆಲೆ ಎಷ್ಟೋ ಪಟ್ಟು ಹೆಚ್ಚುತ್ತದೆ. ಪ್ಯಾಕೇಜುಗಳಲ್ಲಿ ಆರ್.ಎ. ಫ್ಯಾಕ್ಟರನ್ನು ಸಕ್ಕರೆ, ಕೊಲೆಸ್ಟರಾಲ್‌ಗಳ ಸಾಲಿನಲ್ಲಿ ಸೇರಿಸುವುದನ್ನು ನಾನು ಒಪ್ಪುವುದಿಲ್ಲ, ಅದರಿಂದ ಲಾಭಕ್ಕಿಂತ ನಿದ್ದೆಗೆಟ್ಟ ರಾತ್ರಿಗಳೇ ಹೆಚ್ಚು.

ನೀವು ಈಗ ಮಾಡಬೇಕಾದುದು ಇಷ್ಟೆ. ಒಬ್ಬ ವೈದ್ಯರಿಗೆ ಕೈ ತೋರಿಸಿ. ಅವರು ನಿಮ್ಮ ಅಂಗೈಯನ್ನು ಹಿಡಿದು ಬೆರಳ ಬುಡದ ಗೆಣ್ಣುಗಳ ಸಾಲನ್ನು ಎರಡೂ ಬದಿಯಿಂದ ಮೆಲ್ಲಗೆ ಒತ್ತುತ್ತಾರೆ. ಸಂಧಿವಾತವಿರುವವರು ಆ ಮೆಲ್ಲನೆಯ ಒತ್ತಡಕ್ಕೇ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ, ಗೆಣ್ಣುಗಳ ನಡುವೆ ಇರಬೇಕಾದ ತಗ್ಗುಗಳು ಊತದಿಂದ ತುಂಬಿಕೊಂಡು ಮುಚ್ಚಿಹೋಗಿರುತ್ತವೆ. ನಿಮ್ಮ ಅತ್ತೆಯವರಿಗೆ ಮೊದಲ ವರ್ಷದಲ್ಲಿ ಹೀಗೆಯೇ ಇದ್ದಿರಬೇಕು. ಅತ್ತೆಯವರಿಗೂ ನಿಮಗೂ ರಕ್ತಸಂಬಂಧವಿಲ್ಲದಿದ್ದರೆ ಅವರ ಕಾಯಿಲೆ ವಂಶದ ದಾರಿಯಲ್ಲಿ ನಿಮಗೆ ಬರುವ ಮಾತೂ ಇಲ್ಲ. ವೈದ್ಯರಿಗೆ ಕೈ ನೋಡಿದ ಮೇಲೂ ಅನುಮಾನ ಉಳಿದರೆ ಆಂಟಿ ಸಿ.ಸಿ.ಪಿ. ಮಾಡಿಸುತ್ತಾರೆ. ಇದು ಸಂಧಿವಾತದ ಬಗ್ಗೆ ಆರ್.ಎ. ಫ್ಯಾಕ್ಟರಿಗಿಂತ ಹೆಚ್ಚು ನಂಬಬಹುದಾದ ಸೂಚಕ. ಬೇರೆ ಗಂಟುನೋವಿನವರೂ ಸೇರಿ ಈ ಕಾಯಿಲೆಯಿಲ್ಲದ ನೂರು ಜನರಲ್ಲಿ ಸುಮಾರು 95 ಜನರಿಗೆ ನೆಗೆಟಿವ್ ಎಂದೇ ಹೇಳುತ್ತದೆ, ಕಾಯಿಲೆಯಿರುವ ನೂರರಲ್ಲಿ ಹೆಚ್ಚುಕಡಿಮೆ 67 ಜನರನ್ನು ಹಿಡಿಯುತ್ತದೆ. ದೇಹದ ಪ್ರೋಟೀನುಗಳಲ್ಲಿರುವ ಆರ್ಜಿನೈನ್ ಎಂಬ ಅಂಶವು ಸಿಟ್ರುಲಿನ್ ಆಗಿ ಬದಲಾದಾಗ, ಆ ಬದಲಾದ ಪ್ರೋಟೀನನ್ನು ಗುರಿಯಾಗಿಸಿಕೊಂಡು ಹುಟ್ಟುವ ಪ್ರತಿಕಾಯಗಳನ್ನು ಇದು ಅಳೆಯುತ್ತದೆ. ಸಿಟ್ರುಲಿನ್ ಮೊದಲು ದೊರೆತದ್ದು ಕಲ್ಲಂಗಡಿ ಹಣ್ಣಿನಲ್ಲಿ, ಅದರ ಹೆಸರೂ ಕಲ್ಲಂಗಡಿಯ ಸಸ್ಯಶಾಸ್ತ್ರೀಯ ಹೆಸರಿನಿಂದಲೇ ಬಂದಿದೆ. ಹಾಗೆಂದು ಕಲ್ಲಂಗಡಿ ತಿಂದರೆ ವಾತ ಬರುತ್ತದೆ ಎಂದು ಯಾರೂ ಭಾವಿಸಬಾರದು. ಈ ಬದಲಾವಣೆಯನ್ನು ಶ್ವಾಸಕೋಶದಲ್ಲಿ ಹೆಚ್ಚಿಸುವುದು ಬೀಡಿ, ಸಿಗರೇಟಿನ ಹೊಗೆ. ಸಂಧಿವಾತದ ಭಯವಿರುವ ಮನೆಯಲ್ಲಿ ಬಿಡಿಸಬೇಕಾದದ್ದು ಅದನ್ನೇ.

ಪ್ರಶ್ನೆ: ನನಗೆ 55 ವರ್ಷ. ನಾಲ್ಕು ತಿಂಗಳಿನಿಂದ ಎರಡೂ ಕೈಗಳ ಗೆಣ್ಣು, ಮಣಿಕಟ್ಟು ಮತ್ತು ಕಾಲ್ಬೆರಳುಗಳ ಬುಡ ಊದಿವೆ. ಬೆಳಿಗ್ಗೆ ಹತ್ತು ಗಂಟೆಯವರೆಗೆ ಲೋಟ ಹಿಡಿಯಲು, ಅಂಗಿಯ ಗುಂಡಿ ಹಾಕಲು ಆಗುವುದಿಲ್ಲ. ಆರ್.ಎ. ಫ್ಯಾಕ್ಟರ್, ಆಂಟಿ ಸಿ.ಸಿ.ಪಿ. ಎರಡೂ ನೆಗೆಟಿವ್ ಬಂದಿವೆ. ಸಿ.ಆರ್.ಪಿ. ಮಾತ್ರ ಜಾಸ್ತಿ. ವಾತ ಇಲ್ಲವೆಂದು ತಿಳಿದು ಮೆಡಿಕಲ್ ಸ್ಟೋರಿನ ಮಾತ್ರೆಯಲ್ಲೇ ದಿನ ದೂಡುತ್ತಿದ್ದೇನೆ. ಇದು ಸರಿಯೆ?
(ಓದುಗರು, ಸೋಮವಾರಪೇಟೆ)

ಉತ್ತರ: ಸರಿಯಲ್ಲ. ಈ ಸಂಚಿಕೆ ನಿಮ್ಮ ಕೈ ಸೇರಿದ ವಾರದಲ್ಲೇ ಸಂಧಿವಾತ ತಜ್ಞರನ್ನೋ, ಅವರು ಸಿಗದಿದ್ದರೆ ಒಬ್ಬ ಫಿಸಿಷಿಯನ್ನರನ್ನೋ ಕಾಣಬೇಕೆಂದು ಕೇಳಿಕೊಳ್ಳುತ್ತೇನೆ. ಮೊದಲ ಪತ್ರದ ಓದುಗರಿಗೆ ವರದಿ ಪಾಸಿಟಿವ್ ಇದ್ದರೂ ಧೈರ್ಯ ಹೇಳಿದೆ, ನಿಮ್ಮ ವರದಿ ನೆಗೆಟಿವ್ ಇದ್ದರೂ ಅವಸರ ಮಾಡುತ್ತಿದ್ದೇನೆ. ಎರಡೂ ಕಡೆ ನಾನು ನೋಡುತ್ತಿರುವುದು ಕೈಯನ್ನೇ.

ರುಮಟಾಯ್ಡ್ ಸಂಧಿವಾತವಿರುವ ಐದು ಜನರಲ್ಲಿ ಒಬ್ಬರಿಗೆ ಈ ಎರಡೂ ಪ್ರತಿಕಾಯಗಳು ಕಾಣಿಸದೇ ಇರಬಹುದು. 2010ರಲ್ಲಿ ಅಮೆರಿಕ ಮತ್ತು ಯುರೋಪಿನ ಸಂಧಿವಾತ ತಜ್ಞರ ಸಂಘಗಳು ಸೇರಿ ಒಂದು ಅಂಕಪಟ್ಟಿಯನ್ನು ರೂಪಿಸಿದವು. ಕನಿಷ್ಠ ಒಂದು ಗಂಟಾದರೂ ಊದಿರಬೇಕು, ಆ ಊತಕ್ಕೆ ಬೇರೆ ಕಾರಣ ಇರಬಾರದು, ಆಗ ಮಾತ್ರ ಲೆಕ್ಕ ಆರಂಭಿಸಬೇಕು. ಒಟ್ಟು 10 ಅಂಕಗಳಲ್ಲಿ 6 ಬಂದರೆ ಸಂಧಿವಾತವೆಂದು ಪರಿಗಣಿಸುತ್ತಾರೆ. ಸಣ್ಣ ಗಂಟುಗಳೂ ಸೇರಿ ಹತ್ತಕ್ಕಿಂತ ಹೆಚ್ಚು ಗಂಟುಗಳಿಗೆ 5 ಅಂಕ, ಆರು ವಾರ ಅಥವಾ ಅದಕ್ಕಿಂತ ಹೆಚ್ಚು ಕಾಲ ಇದ್ದರೆ 1 ಅಂಕ, ದೇಹದಲ್ಲಿ ಉರಿಯೂತವಿದೆಯೆಂದು ತೋರಿಸುವ ಸಿ.ಆರ್.ಪಿ. ಅಥವಾ ಇ.ಎಸ್.ಆರ್. ಎಂಬ ರಕ್ತಪರೀಕ್ಷೆಯ ಅಂಕಿ ಏರಿದ್ದರೆ 1 ಅಂಕ, ಪ್ರತಿಕಾಯಗಳಿಗೆ ಹೆಚ್ಚೆಂದರೆ 3 ಅಂಕ. ನೀವು ಬರೆದಷ್ಟು ಗಂಟುಗಳು ನಿಜವಾಗಿಯೂ ಊದಿದ್ದರೆ, ಪ್ರತಿಕಾಯದ ಅಂಕ ಸೊನ್ನೆಯಾದರೂ ನಿಮ್ಮ ಮೊತ್ತ 7 ಆಗುತ್ತದೆ. ನಾಪೋಕ್ಲಿನ ಓದುಗರಿಗೆ ಊತವೇ ಇಲ್ಲದ ಕಾರಣ ಈ ಲೆಕ್ಕ ಅವರಿಗೆ ಅನ್ವಯವೇ ಆಗುವುದಿಲ್ಲ.

ಸೋರಿಯಾಸಿಸ್‌ಗೆ ಸಂಬಂಧಿಸಿದ ಸಂಧಿವಾತ, ಯೂರಿಕ್ ಆಮ್ಲದ ಗೌಟ್, ಚಿಕುನ್‌ಗುನ್ಯಾದ ನಂತರ ಉಳಿಯುವ ಗಂಟುಬೇನೆ, ಇವೆಲ್ಲವನ್ನೂ ತಜ್ಞರು ಯೋಚಿಸುತ್ತಾರೆ. ಮಳೆಗಾಲದಲ್ಲಿ ಜ್ವರ ಬಂದು ಹೋಗಿದ್ದರೆ, ತಲೆಯಲ್ಲಿ ಅಥವಾ ಮೊಣಕೈಯಲ್ಲಿ ಹೊಟ್ಟು ಏಳುವ ಚರ್ಮದ ಕಾಯಿಲೆ ಇದ್ದರೆ ಅದನ್ನು ಮರೆಯದೆ ಹೇಳಿ. ಚಿಕುನ್‌ಗುನ್ಯಾದ ಗಂಟುನೋವು ತಿಂಗಳುಗಟ್ಟಲೆ ನಿಂತು, ನೋಡಲು ಸಂಧಿವಾತದಂತೆಯೇ ಇರುತ್ತದೆ.

ನೀವು ತೆಗೆದುಕೊಳ್ಳುತ್ತಿರುವ ಮಾತ್ರೆಯ ಹೆಸರನ್ನು ಬರೆದಿಲ್ಲ, ನನಗೆ ಚಿಂತೆಯಿರುವುದು ಅಲ್ಲಿಯೇ. ಹೆಸರಿಲ್ಲದ ಪೊಟ್ಟಣದಲ್ಲಿ ಕೊಡುವ ನೋವಿನ ಮಾತ್ರೆಗಳಲ್ಲಿ ಸ್ಟಿರಾಯ್ಡ್ ಬೆರೆತಿರುವುದನ್ನು ನಾನು ಹಲವು ಬಾರಿ ನೋಡಿದ್ದೇನೆ. ಅದು ನೋವನ್ನೂ ಸಿ.ಆರ್.ಪಿ.ಯನ್ನೂ ಒಟ್ಟಿಗೆ ಇಳಿಸುತ್ತದೆ, ಒಳಗೆ ಮೂಳೆ ಸವೆಯುವುದು ಮುಂದುವರಿಯಬಹುದು. ಕೆಲವು ವರ್ಷಗಳ ಹಿಂದೆ ನನ್ನ ಬಳಿಗೆ ಬಂದ ಒಬ್ಬ ತೋಟದ ಕೆಲಸದ ಹೆಂಗಸು ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದ ಬಿಳಿ ಮಾತ್ರೆಗಳನ್ನು ಬಿಚ್ಚಿ ಮೇಜಿನ ಮೇಲೆ ಇಟ್ಟರು. ಅವುಗಳನ್ನು ಒಂದೂವರೆ ವರ್ಷ ತಿಂದಿದ್ದರಂತೆ. ಮುಖ ಗುಂಡಗೆ ಊದಿತ್ತು, ಸಿ.ಆರ್.ಪಿ. ಸರಿಯಾಗಿಯೇ ಇತ್ತು. ಎಕ್ಸ್‌ರೇಯಲ್ಲಿ ಮಾತ್ರ ಬೆರಳ ಬುಡದ ಮೂಳೆಗಳ ಅಂಚು ಇಲಿ ಕಚ್ಚಿದಂತೆ ಕೊರೆದುಹೋಗಿತ್ತು. ಹಾಗೆ ಕೊರೆದ ಮೂಳೆ ಮತ್ತೆ ಮೊದಲಿನಂತಾಗುವುದಿಲ್ಲ. ಲಕ್ಷಣ ಆರಂಭವಾದ ಮೊದಲ ಕೆಲವು ತಿಂಗಳುಗಳಲ್ಲೇ ಸರಿಯಾದ ಔಷಧ ಸಿಕ್ಕಿದ್ದರೆ ಅವರ ಕೈ ಉಳಿಯುತ್ತಿತ್ತೆಂಬ ನೋವು ನನ್ನಲ್ಲಿ ಇಂದಿಗೂ ಇದೆ. ಸ್ಟಿರಾಯ್ಡನ್ನು ಬಹಳ ದಿನ ತಿಂದವರು ಅದನ್ನು ಒಮ್ಮೆಲೇ ನಿಲ್ಲಿಸುವುದೂ ಅಪಾಯ, ಆದ್ದರಿಂದ ಮಾತ್ರೆಗಳನ್ನು ಜೊತೆಗೆ ತೆಗೆದುಕೊಂಡು ಹೋಗಿ ತೋರಿಸಿ.

ತಜ್ಞರು ಮೆಥೊಟ್ರೆಕ್ಸೇಟ್ ಬರೆದುಕೊಟ್ಟರೆ ಒಂದು ವಿಷಯವನ್ನು ಮನೆಯವರೆಲ್ಲರೂ ನೆನಪಿಟ್ಟುಕೊಳ್ಳಬೇಕು. ಸಂಧಿವಾತಕ್ಕೆ ಅದನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುತ್ತಾರೆ. ತಪ್ಪಿ ಪ್ರತಿದಿನ ತಿಂದರೆ ಪ್ರಾಣಕ್ಕೇ ಅಪಾಯ. ಆ ದಿನವನ್ನು, ಉದಾಹರಣೆಗೆ ಭಾನುವಾರವನ್ನು, ಔಷಧದ ಪಟ್ಟಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿಕೊಳ್ಳಿ.

ಪ್ರಶ್ನೆ: ನಮ್ಮ ಮಗಳಿಗೆ 23 ವರ್ಷ, ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಕೂದಲು ಉದುರುತ್ತದೆ, ಆಯಾಸವಿದೆ ಎಂದು ರಕ್ತಪರೀಕ್ಷೆ ಮಾಡಿಸಿದಾಗ ಎ.ಎನ್.ಎ. 1:80 ಪಾಸಿಟಿವ್ ಎಂದು ಬಂತು. ಅವಳು ಮೊಬೈಲಿನಲ್ಲಿ ಹುಡುಕಿ ಲೂಪಸ್ ಇದೆಯೆಂದು ಅಳುತ್ತಿದ್ದಾಳೆ. ಮದುವೆಯ ಮಾತುಕತೆ ನಡೆಯುತ್ತಿದೆ. ಹುಡುಗನ ಮನೆಯವರಿಗೆ ಏನು ಹೇಳಬೇಕೆಂದು ತಿಳಿಯದೆ ಕಂಗಾಲಾಗಿದ್ದೇವೆ.
(ಪೋಷಕರು, ವಿರಾಜಪೇಟೆ)

ಉತ್ತರ: ನಿಮ್ಮ ಮಗಳು ಹೆದರಿರುವ ಲೂಪಸ್ ಎಂಬುದು ಚರ್ಮ, ಗಂಟು, ಮೂತ್ರಪಿಂಡ ಮುಂತಾದ ಹಲವು ಅಂಗಗಳನ್ನು ಹಿಡಿಯುವ ಒಂದು ಆಟೊಇಮ್ಯೂನ್ ಕಾಯಿಲೆ. ಮೊದಲು 1:80 ಎಂದರೇನೆಂದು ನೋಡೋಣ. ರಕ್ತದ ಸೀರಮ್ಮನ್ನು ಹಂತಹಂತವಾಗಿ ತೆಳುಮಾಡುತ್ತ ಹೋಗಿ, ಪ್ರಯೋಗಾಲಯದಲ್ಲಿ ಬೆಳೆಸಿದ ಮಾನವ ಜೀವಕೋಶಗಳ ಮೇಲೆ ಹಾಕಿ, ಬೆಳಗುವ ಬಣ್ಣವೊಂದನ್ನು ಸೇರಿಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಜೀವಕೋಶದ ನಡುವಿನ ಕೋಶಕೇಂದ್ರಕ್ಕೆ ಅಂಟಿಕೊಳ್ಳುವ, ಎ.ಎನ್.ಎ. ಎಂದು ಕರೆಯುವ ಪ್ರತಿಕಾಯಗಳಿದ್ದರೆ ಆ ಭಾಗ ಹಸಿರಾಗಿ ಹೊಳೆಯುತ್ತದೆ. ನಿಮ್ಮ ಮಗಳ ಸೀರಮ್ಮನ್ನು 80 ಪಾಲು ತೆಳುಮಾಡುವವರೆಗೆ ಹೊಳಪು ಉಳಿದಿತ್ತು ಎಂಬುದು ವರದಿಯ ಅರ್ಥ. 1:640 ಎಂದು ಬಂದಿದ್ದರೆ ಅದು ಬಹಳ ಬಲವಾದ ಹೊಳಪು. ಏನೂ ಕಾಯಿಲೆಯಿಲ್ಲದ ಜನರಲ್ಲಿ ಮಾಡಿದ ಪರೀಕ್ಷೆಗಳಲ್ಲಿ 1:40ರ ಮಟ್ಟದಲ್ಲಿ ನೂರಕ್ಕೆ ಮೂವತ್ತರಷ್ಟು, 1:80ರಲ್ಲಿ ಸುಮಾರು ಹದಿಮೂರು, 1:160ರಲ್ಲಿ ಸುಮಾರು ಐದು ಜನರಿಗೆ ಪಾಸಿಟಿವ್ ಬಂದದ್ದು ದಾಖಲಾಗಿದೆ. ಥೈರಾಯ್ಡಿನ ಆಟೊಇಮ್ಯೂನ್ ಕಾಯಿಲೆಯಲ್ಲಿಯೂ, ಕೆಲವು ಔಷಧಗಳಿಂದಲೂ ಹೀಗೆ ಬರುವುದುಂಟು.

ಲೂಪಸ್ ಇರುವ ಹೆಚ್ಚುಕಡಿಮೆ ಎಲ್ಲರಿಗೂ ಎ.ಎನ್.ಎ. ಪಾಸಿಟಿವ್ ಇರುತ್ತದೆ, ಆದರೆ ಎ.ಎನ್.ಎ. ಪಾಸಿಟಿವ್ ಇರುವ ಬಹುಪಾಲು ಜನರಿಗೆ ಲೂಪಸ್ ಇರುವುದಿಲ್ಲ. ಹಾಗಾಗಿ ಎ.ಎನ್.ಎ. ನೆಗೆಟಿವ್ ಬಂದಾಗ ಲೂಪಸ್ ಅಲ್ಲವೆಂದು ಧೈರ್ಯವಾಗಿ ಹೇಳಬಹುದು, ಪಾಸಿಟಿವ್ ಬಂದಾಗ ಅಷ್ಟೇ ಧೈರ್ಯದಿಂದ ಲೂಪಸ್ ಎನ್ನಲಾಗದು. 2019ರಲ್ಲಿ ರೂಪಿಸಿದ ಲೂಪಸ್ ಮಾನದಂಡದಲ್ಲಿಯೂ 1:80 ಎಂಬುದು ಒಳಗೆ ಬರುವ ಬಾಗಿಲು ಮಾತ್ರ. ಒಳಗೆ ಬಂದ ಮೇಲೆ ಜ್ವರ, ಚರ್ಮ, ಗಂಟು, ಮೂತ್ರಪಿಂಡ, ರಕ್ತಕಣಗಳ ಸ್ಥಿತಿಯನ್ನು ನೋಡಿ 10 ಅಂಕ ಕೂಡಿಸಬೇಕು.

ನಿಮ್ಮ ಮಗಳನ್ನು ವೈದ್ಯರು ಕೇಳುವ ಪ್ರಶ್ನೆಗಳು ಇವು: ಬಿಸಿಲಿಗೆ ಹೋದರೆ ಕೆನ್ನೆ, ಮೂಗಿನ ಮೇಲೆ ಕೆಂಪು ಏಳುತ್ತದೆಯೆ, ಬಾಯಲ್ಲಿ ನೋವಿಲ್ಲದ ಹುಣ್ಣುಗಳಾಗುತ್ತವೆಯೆ, ಗಂಟುಗಳು ಊದುತ್ತವೆಯೆ, ಚಳಿಯಲ್ಲಿ ಬೆರಳುಗಳು ಬೆಳ್ಳಗಾಗಿ ಆಮೇಲೆ ನೀಲಿಯಾಗುತ್ತವೆಯೆ, ಉಸಿರೆಳೆದಾಗ ಎದೆ ಚುಚ್ಚುತ್ತದೆಯೆ, ಮೂತ್ರದಲ್ಲಿ ನೊರೆ ನಿಲ್ಲುತ್ತದೆಯೆ. ಇವಾವುವೂ ಇಲ್ಲದಿದ್ದರೆ ಒಂದು ರಕ್ತಕಣಗಳ ಎಣಿಕೆ, ಒಂದು ಮೂತ್ರಪರೀಕ್ಷೆ, ಕಬ್ಬಿಣಾಂಶ ಮತ್ತು ಥೈರಾಯ್ಡ್ ಪರೀಕ್ಷೆ ಸಾಕಾಗಬಹುದು. ಆ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಕೂದಲು ಉದುರುವಿಕೆಗೂ ಆಯಾಸಕ್ಕೂ ರಕ್ತಹೀನತೆ ಮತ್ತು ಥೈರಾಯ್ಡ್ ಅತಿ ಸಾಮಾನ್ಯವಾದ ಕಾರಣಗಳು. ಅನುಮಾನ ಬಲವಾದರೆ ಡಿ.ಎನ್.ಎ. ವಿರುದ್ಧದ ಪ್ರತಿಕಾಯ, ಸ್ಮಿತ್ ಪ್ರತಿಕಾಯ, ಸಿ3 ಮತ್ತು ಸಿ4 ಎಂಬ ಪ್ರೋಟೀನುಗಳ ಮಟ್ಟ, ಇವನ್ನು ನೋಡುತ್ತಾರೆ. ಸ್ಮಿತ್ ಎಂಬುದು ವಿಜ್ಞಾನಿಯ ಹೆಸರಲ್ಲ, ಆ ಪ್ರತಿಕಾಯ 1966ರಲ್ಲಿ ಮೊದಲು ಯಾರ ರಕ್ತದಲ್ಲಿ ಸಿಕ್ಕಿತೋ ಆ ರೋಗಿಯ ಹೆಸರು. ಲೂಪಸ್ ಉಲ್ಬಣಿಸಿದಾಗ ಸಿ3, ಸಿ4 ಖರ್ಚಾಗಿ ಇಳಿಯುತ್ತವೆ, ಡಿ.ಎನ್.ಎ. ಪ್ರತಿಕಾಯ ಏರುತ್ತದೆ. ಲೂಪಸ್ ಇರುವವರಲ್ಲಿ ಕಾಯಿಲೆ ಹೆಚ್ಚಾದರೂ ಸಿ.ಆರ್.ಪಿ. ಅಷ್ಟಾಗಿ ಏರದೆ ಇರುವುದುಂಟು, ಆದ್ದರಿಂದ ಅವರಲ್ಲಿ ಸಿ.ಆರ್.ಪಿ. ಬಹಳ ಏರಿದ್ದರೆ ಸೋಂಕು ಇದೆಯೇ ಎಂದು ಹುಡುಕಬೇಕಾಗುತ್ತದೆ.

ಮಗಳು ಕೂದಲಿಗಾಗಿ ಬಯೋಟಿನ್ ಮಾತ್ರೆ ತಿನ್ನುತ್ತಿದ್ದಾಳೆಯೆ ಎಂದು ಕೇಳಿ. ಹೆಚ್ಚು ಪ್ರಮಾಣದ ಬಯೋಟಿನ್ ಥೈರಾಯ್ಡ್ ಸೇರಿದಂತೆ ಹಲವು ರಕ್ತಪರೀಕ್ಷೆಗಳ ಫಲಿತಾಂಶವನ್ನು ಸುಳ್ಳಾಗಿ ಏರಿಸುವುದೂ ಇಳಿಸುವುದೂ ಉಂಟು. ರಕ್ತ ಕೊಡುವ ಎರಡು ಮೂರು ದಿನ ಮೊದಲೇ, ವೈದ್ಯರನ್ನು ಕೇಳಿ, ಅದನ್ನು ನಿಲ್ಲಿಸುವುದು ಒಳ್ಳೆಯದು.

ಹುಡುಗನ ಮನೆಯವರಿಗೆ ಈಗ ಹೇಳಬೇಕಾದ ಕಾಯಿಲೆಯೇ ಯಾವುದೂ ಇಲ್ಲ, ಒಂದು ಅಂಕಿಯಷ್ಟೇ ಇದೆ. ವೈದ್ಯರು ಪೂರ್ತಿ ನೋಡಿದ ಮೇಲೆ ಏನಾದರೂ ಖಚಿತವಾದರೆ, ಅದನ್ನು ಮಗಳೇ ಹುಡುಗನಿಗೆ ನೇರವಾಗಿ ಹೇಳಲಿ. ಲೂಪಸ್ ಇದ್ದರೂ ಸರಿಯಾದ ಚಿಕಿತ್ಸೆಯಲ್ಲಿ ಮದುವೆಯಾಗಿ ಮಕ್ಕಳನ್ನು ಪಡೆದ ಎಷ್ಟೋ ಹೆಣ್ಣುಮಕ್ಕಳು ಇದ್ದಾರೆ. ಆಂಟಿ ರೋ ಎಂಬ ಪ್ರತಿಕಾಯವಿರುವ ತಾಯಂದಿರ ಗರ್ಭಗಳಲ್ಲಿ ನೂರಕ್ಕೆ ಒಂದೆರಡರಲ್ಲಿ ಮಗುವಿನ ಹೃದಯಬಡಿತ ನಿಧಾನವಾಗುವ ತೊಂದರೆ ಕಾಣುತ್ತದೆ, ಅದನ್ನು ಮೊದಲೇ ತಿಳಿದಿದ್ದರೆ ಗರ್ಭದಲ್ಲಿರುವಾಗಲೇ ಮಗುವಿನ ಹೃದಯದ ಸ್ಕ್ಯಾನ್ ಮಾಡುತ್ತ ಎಚ್ಚರ ವಹಿಸಬಹುದು. ಮುಚ್ಚಿಡುವುದಕ್ಕಿಂತ ತಿಳಿದಿರುವುದು ಲೇಸು ಎನ್ನುವುದಕ್ಕೆ ಇದೊಂದು ಕಾರಣ.

ಪ್ರಶ್ನೆ: ನನ್ನ ತಮ್ಮನಿಗೆ 30 ವರ್ಷ. ಕಾಲು ನೋವೆಂದು ಪರೀಕ್ಷೆ ಮಾಡಿಸಿದಾಗ ಎ.ಎಸ್.ಒ. 400 ಬಂತು. ಇದು ವಾತದ ಲಕ್ಷಣ, 21 ದಿನಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ತೆಗೆದುಕೊಳ್ಳಬೇಕು ಎಂದರು. ಎರಡು ವರ್ಷದಿಂದ ತೆಗೆದುಕೊಳ್ಳುತ್ತಿದ್ದಾನೆ.
(ಓದುಗರು, ಕುಶಾಲನಗರ)

ಉತ್ತರ: ಎ.ಎಸ್.ಒ. ಎಂಬುದು ಗಂಟಲಿಗೆ ಬರುವ ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣುವಿನ ವಿರುದ್ಧ ಹುಟ್ಟಿದ ಪ್ರತಿಕಾಯ. ಇತ್ತೀಚೆಗೆ ಆ ಸೋಂಕು ಬಂದು ಹೋಗಿದೆ ಎನ್ನುವುದಕ್ಕಿಂತ ಹೆಚ್ಚನ್ನು ಅದು ಹೇಳುವುದಿಲ್ಲ. ಸೋಂಕಿನ ನಂತರ ಮೂರರಿಂದ ಐದು ವಾರಕ್ಕೆ ಅದು ತುತ್ತತುದಿ ಮುಟ್ಟಿ, ತಿಂಗಳುಗಳ ಕಾಲ ನಿಧಾನವಾಗಿ ಇಳಿಯುತ್ತದೆ. ರುಮಟಾಯ್ಡ್ ಸಂಧಿವಾತಕ್ಕೂ ಇದಕ್ಕೂ ಸಂಬಂಧವಿಲ್ಲ. ಮಕ್ಕಳಲ್ಲಿ ಬರುವ ರುಮ್ಯಾಟಿಕ್ ಜ್ವರವನ್ನು ಗುರುತಿಸಲು ಇದು ಸಹಾಯಕ ಮಾತ್ರ, ಅದೂ ಹೃದಯ, ಗಂಟು, ಚರ್ಮದ ಲಕ್ಷಣಗಳ ಜೊತೆಗೂಡಿದಾಗ.

ಹಾಗೆಂದು ಇಂಜೆಕ್ಷನ್ನನ್ನು ನಾಳೆಯೇ ನಿಲ್ಲಿಸಿ ಎಂದು ನಾನು ಬರೆಯಲಾರೆ. ನಿಜವಾಗಿ ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟ ಕೆಟ್ಟವರಿಗೆ ಅದೇ ಪೆನಿಸಿಲಿನ್ ಪ್ರಾಣರಕ್ಷಕ. ನಿಮ್ಮ ತಮ್ಮನಿಗೆ ಒಂದು ಎಕೋ ಪರೀಕ್ಷೆ ಮಾಡಿಸಿ, ಬಾಲ್ಯದಲ್ಲಿ ಗಂಟು ಊದಿ ಜ್ವರ ಬಂದಿತ್ತೇ ಎಂದು ತಾಯಿಯವರನ್ನು ಕೇಳಿ, ಆ ಎರಡನ್ನೂ ಹೃದ್ರೋಗ ತಜ್ಞರ ಮುಂದಿಡಿ. ಕವಾಟ ಚೆನ್ನಾಗಿದ್ದು ಹಿಂದಿನ ಇತಿಹಾಸವೂ ಇಲ್ಲದಿದ್ದರೆ ಅವರೇ ನಿಲ್ಲಿಸುತ್ತಾರೆ. ಒಂದೇ ಒಂದು ಎ.ಎಸ್.ಒ. ಅಂಕಿಯ ಮೇಲೆ ವರ್ಷಗಟ್ಟಲೆ ಸೂಜಿ ಚುಚ್ಚಿಸಿಕೊಂಡ ಯುವಕರನ್ನು ಕಂಡಾಗಲೆಲ್ಲ ನನಗೆ ಬಹಳ ಬೇಸರವಾಗುತ್ತದೆ.

ಪ್ರಶ್ನೆ: ಒಂದೇ ರಕ್ತಪರೀಕ್ಷೆಯಲ್ಲಿ ಎಲ್ಲ ಆಟೊಇಮ್ಯೂನ್ ಕಾಯಿಲೆಗಳನ್ನೂ ಕಂಡುಹಿಡಿಯುವ ಕಾಲ ಬಂದಿದೆಯೆ? ನಾನು ಪದವಿ ವಿದ್ಯಾರ್ಥಿನಿ, ಕುತೂಹಲದಿಂದ ಕೇಳುತ್ತಿದ್ದೇನೆ.
(ಓದುಗರು, ಗೋಣಿಕೊಪ್ಪಲು)

ಉತ್ತರ: ಇನ್ನೂ ಬಂದಿಲ್ಲ. ಈಗ ಒಂದೇ ಮಾದರಿಯಲ್ಲಿ ಸಾವಿರಾರು ಪ್ರೋಟೀನುಗಳನ್ನು ಅಳೆಯುವ ಯಂತ್ರಗಳಿವೆ, ಆದರೆ ಅಳೆಯುವುದು ಬೇರೆ, ಅದರಿಂದ ರೋಗ ನಿರ್ಧರಿಸುವುದು ಬೇರೆ. ಸಾವಿರ ಪ್ರೋಟೀನುಗಳನ್ನು ಅಳೆದರೆ ಆಕಸ್ಮಿಕವಾಗಿಯೇ ಹತ್ತಾರು ಪ್ರೋಟೀನುಗಳು ರೋಗಿಗಳಲ್ಲಿ ಹೆಚ್ಚಾಗಿರುವಂತೆ ಕಾಣುತ್ತವೆ, ಅವುಗಳಲ್ಲಿ ಬಹುಪಾಲು ಬೇರೊಂದು ಊರಿನ, ಬೇರೊಂದು ಗುಂಪಿನ ರೋಗಿಗಳಲ್ಲಿ ಮತ್ತೆ ನೋಡಿದಾಗ ನಿಲ್ಲುವುದಿಲ್ಲ.

ನಿಜವಾದ ಯಶಸ್ಸು ಸಿಕ್ಕಿರುವುದು ದೇಹ ಯಾವ ಪ್ರೋಟೀನಿನ ಮೇಲೆ ದಾಳಿ ಮಾಡುತ್ತಿದೆಯೆಂದು ನಿಖರವಾಗಿ ತಿಳಿದಾಗ. ಕಣ್ಣಿನ ನರವನ್ನೂ ಬೆನ್ನುಹುರಿಯನ್ನೂ ಹಿಡಿಯುವ ಒಂದು ಕಾಯಿಲೆಯನ್ನು ಬಹುಕಾಲ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಬೇರೊಂದು ನರಮಂಡಲದ ಕಾಯಿಲೆಯೆಂದೇ ತಿಳಿಯುತ್ತಿದ್ದರು. ಅದನ್ನು ಪ್ರತ್ಯೇಕಿಸುವ ಪ್ರತಿಕಾಯವನ್ನು 2004ರಲ್ಲಿ ವರದಿ ಮಾಡಿದರು, ಅದರ ಗುರಿ ಆಕ್ವಾಪೊರಿನ್-4 ಎಂಬ ಪ್ರೋಟೀನೆಂದು ಬೇಗನೆ ತಿಳಿಯಿತು. ಒಂದಕ್ಕೆ ಕೊಡುವ ಕೆಲವು ಔಷಧಗಳು ಇನ್ನೊಂದನ್ನು ಕೆಡಿಸುವುದರಿಂದ ಈ ಒಂದು ಪರೀಕ್ಷೆ ಎಷ್ಟೋ ಜನರ ದೃಷ್ಟಿ ಉಳಿಸಿದೆ. ಮೂತ್ರದಲ್ಲಿ ಪ್ರೋಟೀನು ಸೋರುವ ಮೆಂಬ್ರೇನಸ್ ನೆಫ್ರೋಪತಿಯಲ್ಲಿ ಪಿ.ಎಲ್.ಎ.2.ಆರ್. ಎಂಬ ಪ್ರೋಟೀನೇ ಗುರಿಯೆಂದು 2009ರಲ್ಲಿ ತಿಳಿದ ಮೇಲೆ, ಕೆಲವು ರೋಗಿಗಳಲ್ಲಿ ಸೂಜಿ ಹಾಕಿ ಮೂತ್ರಪಿಂಡದ ಚೂರು ತೆಗೆಯುವ ಅಗತ್ಯವೇ ತಪ್ಪಿತು. ಗೋಧಿಯ ಗ್ಲುಟೆನ್‌ಗೆ ಸಂಬಂಧಿಸಿದ ಸೀಲಿಯಾಕ್ ಕಾಯಿಲೆಯ ಟಿ.ಟಿ.ಜಿ. ಪರೀಕ್ಷೆಯೂ 1997ರಲ್ಲಿ ಗುರಿ ಪ್ರೋಟೀನು ಸಿಕ್ಕ ನಂತರ ರೂಪುಗೊಂಡದ್ದು. ಇದನ್ನು ಗೋಧಿ ತಿನ್ನುತ್ತಿರುವಾಗಲೇ ಮಾಡಿಸಬೇಕು, ಬಿಟ್ಟ ಮೇಲೆ ಮಾಡಿಸಿದರೆ ಸುಳ್ಳು ನೆಗೆಟಿವ್ ಬರುತ್ತದೆ. ಅಕ್ಕಿ ರೊಟ್ಟಿ, ಕಡುಬು ತಿನ್ನುವ ನಮ್ಮ ಕಡೆಯ ಮನೆಗಳಲ್ಲಿ ಈ ಮಾತು ವಿಶೇಷವಾಗಿ ನೆನಪಿರಬೇಕು. ಜೀವರಸಾಯನ ಶಾಸ್ತ್ರವನ್ನು ಮುಂದೆ ಓದುವ ಮನಸ್ಸಿದ್ದರೆ ದಯವಿಟ್ಟು ಓದಿ, ಗುರಿ ತಿಳಿಯದ ಕಾಯಿಲೆಗಳು ಇನ್ನೂ ಬಹಳ ಉಳಿದಿವೆ.

ಪ್ರಶ್ನೆ: ಕಕ್ಕಡ 18ರಂದು ಮದ್ದುಸೊಪ್ಪಿನ ಪಾಯಸ ತಿಂದ ಮರುದಿನ ನನಗೆ ಮೂತ್ರಪರೀಕ್ಷೆ ಇತ್ತು. ಲ್ಯಾಬಿನವರು ಬಣ್ಣ ನೋಡಿ ಗಾಬರಿಯಾದರು. ನನಗೆ ಲೂಪಸ್ ಇರುವುದರಿಂದ ಮೂರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸುತ್ತೇನೆ. ಮುಂದೆ ಏನು ಮಾಡಲಿ?
(ಓದುಗರು, ಪೊನ್ನಂಪೇಟೆ)

ಉತ್ತರ: ಮದ್ದುಸೊಪ್ಪಿನ ಬಣ್ಣ ಮೂತ್ರದಲ್ಲಿ ಇಳಿಯುವುದು ಕೊಡಗಿನವರಿಗೆಲ್ಲ ಗೊತ್ತು, ಹೊರಗಿನಿಂದ ಬಂದ ಲ್ಯಾಬ್ ತಂತ್ರಜ್ಞರಿಗೆ ಗೊತ್ತಿರಬೇಕೆಂದಿಲ್ಲ. ಬಣ್ಣದ ಪಟ್ಟಿಯನ್ನು ಅದ್ದಿ ಓದುವ ಪರೀಕ್ಷೆಯಲ್ಲಿ ಮೂತ್ರಕ್ಕೇ ಗಾಢ ಬಣ್ಣವಿದ್ದರೆ ಓದು ತಪ್ಪಬಹುದು. ಪಾಯಸ ತಿಂದ ಮೇಲೆ ಬಣ್ಣ ಪೂರ್ತಿ ಹೋಗುವವರೆಗೆ ಎರಡು ಮೂರು ದಿನ ಬಿಟ್ಟು ಮಾದರಿ ಕೊಡಿ. ಪರೀಕ್ಷೆಯನ್ನೇ ಬಿಟ್ಟುಬಿಡಬೇಡಿ. ಮೂತ್ರದಲ್ಲಿ ಪ್ರೋಟೀನು ಸೋರುತ್ತಿದ್ದರೆ ಅದು ಲೂಪಸ್ ಮೂತ್ರಪಿಂಡವನ್ನು ಮುಟ್ಟಿದೆಯೆಂಬ ಮೊದಲ ಸುಳಿವು, ಆ ಹೊತ್ತಿಗೆ ನಿಮಗೆ ನೋವಾಗಲಿ ಊತವಾಗಲಿ ಇರಬೇಕೆಂದೇನೂ ಇಲ್ಲ. ಪಾಯಸ ತಿಂದ ದಿನವೂ ನಿಮ್ಮ ಮಾತ್ರೆಗಳು ತಪ್ಪಬಾರದು.

ಪ್ರಶ್ನೆ: ನಮ್ಮಲ್ಲಿ ರಕ್ತ ತೆಗೆದು ಮೈಸೂರಿಗೆ ಕಳುಹಿಸುತ್ತಾರೆ. ಮಳೆಗಾಲದಲ್ಲಿ ತಲುಪುವುದಕ್ಕೇ ಒಂದು ದಿನವಾಗುತ್ತದೆ. ಅಂತಹ ವರದಿಯನ್ನು ನಂಬಬಹುದೆ?
(ಓದುಗರು, ಭಾಗಮಂಡಲ)

ಉತ್ತರ: ಯಾವ ಪರೀಕ್ಷೆ ಎಂಬುದರ ಮೇಲೆ ನಿರ್ಧಾರವಾಗುತ್ತದೆ. ಆರ್.ಎ. ಫ್ಯಾಕ್ಟರ್, ಆಂಟಿ ಸಿ.ಸಿ.ಪಿ., ಎ.ಎನ್.ಎ.ಗಳಂತಹ ಪ್ರತಿಕಾಯಗಳು ಗಟ್ಟಿಯಾದ ಪ್ರೋಟೀನುಗಳು. ಸೀರಮ್ಮನ್ನು ಬೇರ್ಪಡಿಸಿ ತಂಪಿನಲ್ಲಿಟ್ಟರೆ ಕೆಲವು ದಿನ ಕೆಡುವುದಿಲ್ಲ, ಆದ್ದರಿಂದ ಅವು ಮೈಸೂರಿಗೂ ಮಂಗಳೂರಿಗೂ ಪ್ರಯಾಣ ಮಾಡಬಲ್ಲವು. ಇ.ಎಸ್.ಆರ್. ಹಾಗಲ್ಲ. ಕೊಳವೆಯಲ್ಲಿ ಕೆಂಪುಕಣಗಳು ಒಂದು ಗಂಟೆಯಲ್ಲಿ ಎಷ್ಟು ಮಿಲಿಮೀಟರ್ ಕೆಳಗಿಳಿದವು ಎಂದು ಅಳೆಯುವ ಆ ಪರೀಕ್ಷೆಯನ್ನು, ರಕ್ತ ಹೊರಗಿನ ಉಷ್ಣತೆಯಲ್ಲಿದ್ದರೆ, ನಾಲ್ಕು ಗಂಟೆಯೊಳಗೆ ಮಾಡಬೇಕು. ಅದನ್ನು ಮಡಿಕೇರಿಯಲ್ಲೇ ಮಾಡಿಸಿ. ಸಿ3, ಸಿ4 ಬೆಚ್ಚಗಾದರೆ ಕೆಡುವ ಪ್ರೋಟೀನುಗಳು, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಹೋಗುತ್ತದೆಯೇ ಎಂದು ಕೇಳಿ ತಿಳಿದುಕೊಂಡೇ ಕೊಡಿ. ಬೇರೆ ಬೇರೆ ಲ್ಯಾಬುಗಳ ಮಿತಿಗಳು ಬೇರೆ ಬೇರೆ ಇರುವುದರಿಂದ, ಒಂದೇ ಪರೀಕ್ಷೆಯನ್ನು ಮತ್ತೆ ಮಾಡಿಸುವಾಗ ಸಾಧ್ಯವಾದಷ್ಟೂ ಹಿಂದಿನ ಲ್ಯಾಬಿನಲ್ಲೇ ಮಾಡಿಸಿ, ಹಳೆಯ ವರದಿಗಳನ್ನು ದಿನಾಂಕದ ಕ್ರಮದಲ್ಲಿ ಒಂದೇ ಫೈಲಿನಲ್ಲಿಟ್ಟು ವೈದ್ಯರ ಬಳಿಗೆ ಹೋಗುವಾಗ ಜೊತೆಗೆ ಒಯ್ಯಿರಿ.